ಉಣ್ಣೆಯ ಗಂಡಾ

ನನ್ನ ಮನೆ ಮೂಡಲಗಿ ಕಡೆಯ ಹಳ್ಳಿಯಲ್ಲಿ, ನೌಕರಿ ಮತ್ತು ಬಾಡಿಗೆ ಖೋಲಿ ಗೋಕಾಕದಲ್ಲಿ, ಗುರುಗಳು ಹುಕ್ಕೇರಿಯಲ್ಲಿ. ಹೀಗಾಗಿ ನನ್ನ ಸಂಗೀತ ಸಾಧನೆಯ ದೊಡ್ಡ ಪಾಲು ಬಸ್ಸಿನ ಕಿಟಕಿಯ ಪಕ್ಕದಲ್ಲಿ ನಡೆದಿದೆ. ದೊಡ್ಡ ಗಾಯಕರು ಸಂದರ್ಶನಗಳಲ್ಲಿ ದಿನಕ್ಕೆ ಎಂಟು ತಾಸು ರಿಯಾಜು ಮಾಡುತ್ತಿದ್ದೆವು ಎಂದು ಹೇಳುವುದನ್ನು ಓದಿದಾಗ ನನಗೆ ಅವರ ಮೇಲೆ ಗೌರವ ಬರುತ್ತದೆ. ಅದರ ಬೆನ್ನಿಗೇ, ಆ ಎಂಟು ತಾಸು ಅವರ ಬಟ್ಟೆ ಒಗೆಯುತ್ತಿದ್ದವರು ಯಾರು ಎಂಬ ಸಣ್ಣತನದ ಪ್ರಶ್ನೆಯೂ ಬರುತ್ತದೆ. ನನ್ನ ರಿಯಾಜು ಬೆಳಿಗ್ಗೆ ನಲವತ್ತು ನಿಮಿಷ. ಉಳಿದದ್ದು ಬಸ್ಸು ಎಷ್ಟು ತಡವಾಗುತ್ತದೋ ಅಷ್ಟು. ನಮ್ಮ ಭಾಗದ ಬಸ್ಸುಗಳ ದಯೆಯಿಂದ ನಾನು ಸಾಕಷ್ಟು ಕಲಿತಿದ್ದೇನೆ.

ಮಣ್ಣು ಮತ್ತು ನೀರು ಪರೀಕ್ಷೆ ಮಾಡುವ ಒಂದು ಪ್ರಯೋಗಾಲಯದಲ್ಲಿ ನಾನು ರಸಾಯನಶಾಸ್ತ್ರಜ್ಞೆ. ಈ ಶಬ್ದವನ್ನು ನಮ್ಮ ಮನೆಯಲ್ಲಿ ಇಂದಿನವರೆಗೂ ಯಾರೂ ಪೂರ್ತಿ ಉಚ್ಚರಿಸಿಲ್ಲ. ನಮ್ಮದು ಕುರಿ ಕಾಯುವ, ಸ್ವಲ್ಪ ಹೊಲ ಮಾಡುವ ಮನೆತನ. ಹೈಸ್ಕೂಲು ದಾಟಿದವರಲ್ಲಿ ನಾನೇ ಮೊದಲಿಗಳು. ಬಿ.ಎಸ್ಸಿ., ಎಂ.ಎಸ್ಸಿ. ಎರಡೂ ಆಗಿವೆ. ಯಾರೂ ಕೇಳದಿದ್ದರೂ ಇದನ್ನು ಹೇಳುವ ಚಟ ನನಗಿದೆ. ಓದಿದ್ದನ್ನು ಸಂಕೋಚದಿಂದ ಮುಚ್ಚಿಟ್ಟುಕೊಳ್ಳುವುದು ಮುತ್ತಜ್ಜನ ಕಾಲದಿಂದ ಓದುತ್ತ ಬಂದವರ ಮನೆಯ ಮಕ್ಕಳಿಗೆ ಚಂದ. ನನಗೆ ಅಷ್ಟು ಪುರಸೊತ್ತಿಲ್ಲ.

ಎಂ.ಎಸ್ಸಿ.ಯ ಮೊದಲ ವರ್ಷಕ್ಕೆ ಕರಿ ಕಿವಿಯ ಒಂದು ಟಗರು ಮಾರಿದರು. ಆ ಟಗರು ನಮ್ಮ ಮನೆಯ ಮಾತಿನಲ್ಲಿ ಇನ್ನೂ ಬದುಕಿದೆ. ನಾನು ಏನಾದರೂ ದಡ್ಡ ಕೆಲಸ ಮಾಡಿದರೆ, ಇವಳ ಬದಲು ಅದನ್ನೇ ಓದಿಸಿದ್ದರೆ ಚಲೋ ಇತ್ತು ಎಂದು ಕಾಕಾ, ಅಂದರೆ ಅಪ್ಪನ ತಮ್ಮ, ಇವತ್ತಿಗೂ ಹೇಳುತ್ತಾನೆ. ಘಟಿಕೋತ್ಸವದ ಕರಿ ನಿಲುವಂಗಿಯಲ್ಲಿ ತೆಗೆಸಿದ ನನ್ನ ಫೋಟೋ ದೇವರ ಪಕ್ಕದಲ್ಲಿದೆ. ಅದನ್ನು ನೋಡಿ ನಾನು ವಕೀಲಳಾಗಿದ್ದೇನೆ ಎಂದು ತಿಳಿದ ಬಂಧುಗಳು ಬಹಳ. ಇಬ್ಬರು ಹೊಲದ ತಕರಾರಿನ ಕಾಗದ ಹಿಡಿದುಕೊಂಡೂ ಬಂದಿದ್ದರು. ವಕೀಲಳಲ್ಲ, ಮಣ್ಣು ಪರೀಕ್ಷೆ ಮಾಡುತ್ತೇನೆ ಎಂದಾಗ ಅವರ ಮುಖ ಬಾಡಿತು. ಹುಟ್ಟಿದಾಗಿನಿಂದ ತಾವು ಪುಕ್ಕಟೆಯಾಗಿ ನೋಡುತ್ತ ಬಂದ ಮಣ್ಣನ್ನು ನೋಡುವುದಕ್ಕೆ ಒಬ್ಬಳಿಗೆ ಪಗಾರ ಕೊಡುತ್ತಾರೆ ಎನ್ನುವುದನ್ನು ಒಪ್ಪಿಕೊಳ್ಳುವುದು ಯಾವ ರೈತನಿಗೂ ಸುಲಭವಲ್ಲ.

ಹಾಗಂತ ಮಣ್ಣು ತರುವುದಿಲ್ಲವೆ? ತರುತ್ತಾರೆ. ಮಸಗುಪ್ಪಿ ಕಡೆಯಿಂದ, ಕೌಜಲಗಿ ಕಡೆಯಿಂದ, ಕಾಲುವೆ ನೀರು ಕುಡಿದು ಕುಡಿದು ಬೆಳ್ಳಗೆ ಸವಳು ಹತ್ತಿದ ಹೊಲಗಳಿಂದ ತರುತ್ತಾರೆ. ಗೊಬ್ಬರದ ಖಾಲಿ ಚೀಲದಲ್ಲೇ ತುಂಬಿಕೊಂಡು ಬಂದು, ನಮ್ಮ ಮಣ್ಣಿನಲ್ಲಿ ಗೊಬ್ಬರದ ಅಂಶ ಎಷ್ಟಿದೆ ನೋಡಿ ಎನ್ನುತ್ತಾರೆ. ಬೇಕಾದಷ್ಟಿದೆ ಎಂದು ನೋಡದೆಯೇ ಹೇಳಬಹುದು.

ಇನ್ನು ಹಾಡಿನ ಸಂಗತಿ. ಅಪ್ಪ ಡೊಳ್ಳಿನ ಪದ ಹಾಡುವವ. ನನ್ನ ಗಂಟಲು ಅಲ್ಲಿಂದ ಬಂದದ್ದು. ಕಾಲೇಜಿನ ದಿನಗಳಲ್ಲಿ ಯಾರೋ ಹೇಳಿದರೆಂದು ಹುಕ್ಕೇರಿಯ ಗುರುಗಳ ಮುಂದೆ ಹೋಗಿ ಕುಳಿತೆ. ಅವರು ಖ್ಯಾಲ್ ಗಾಯಕರು, ಹೈಸ್ಕೂಲಿನಲ್ಲಿ ಸಂಗೀತ ಶಿಕ್ಷಕರಾಗಿ ನಿವೃತ್ತರಾದವರು. ನನ್ನ ಒಂದು ಹಾಡು ಪೂರ್ತಿ ಕೇಳಿ, "ದನಿ ಬಯಲಾಗಿಂದ ಐತಿ. ಖೋಲ್ಯಾಗ ಹಾಡೂದ ಕಲೀಬೇಕು" ಎಂದರು. ಅದನ್ನು ಹೊಗಳಿಕೆ ಎಂದುಕೊಂಡು ಮರು ಭಾನುವಾರದಿಂದ ಹೋಗತೊಡಗಿದೆ. ಅದು ಹೊಗಳಿಕೆಯಲ್ಲ ಎಂದು ತಿಳಿಯಲು ಒಂದು ವರ್ಷ ಬೇಕಾಯಿತು. ಅಷ್ಟರಲ್ಲಿ ಬಿಡುವ ವೇಳೆ ಮೀರಿತ್ತು.

ಒಂಬತ್ತು ವರ್ಷಗಳ ಭಾನುವಾರಗಳು ಹೀಗೆ ಹೋದವು. ಆಫೀಸಿನಲ್ಲಿ ನಾನು 'ಹಾಡೋ ಮೇಡಂ'. ಯಾವ ಸಮಾರಂಭವಿರಲಿ, ರೈತ ತರಬೇತಿ ಇರಲಿ, ಬೀಳ್ಕೊಡುಗೆ ಇರಲಿ, ಪ್ರಾರ್ಥನೆ ಮತ್ತು ಸ್ವಾಗತಗೀತೆ ನನ್ನದು. ನಮ್ಮ ಸಾಹೇಬರು ಒಳ್ಳೆಯವರು, ಸಂಗೀತಪ್ರೇಮಿ. ಅವರ ಸಂಗೀತಪ್ರೇಮಕ್ಕೆ ಮೂರು ನಿಮಿಷದ ಮಿತಿ ಇದೆ. ನಾಲ್ಕನೆಯ ನಿಮಿಷಕ್ಕೆ ಅವರು ಕೈಗಡಿಯಾರ ನೋಡಿಕೊಂಡು ನನ್ನತ್ತ ನಗುತ್ತಾರೆ. ನಾನು ಸವಳು ಭೂಮಿಯ ಬಗ್ಗೆ ವರದಿ ಓದಲು ಎದ್ದರೂ ಹಿಂದಿನ ಸಾಲಿನಿಂದ ಯಾರಾದರೂ ಹಾಡು ಬರಲಿ ಎನ್ನುತ್ತಾರೆ.

ಸಂಗೀತದ ಕಡೆಗೆ ಹೋದರೆ ಅಲ್ಲಿ ನಾನು 'ನೌಕರಿ ಮಾಡುವ ಹುಡುಗಿ'. ಸಣ್ಣಪುಟ್ಟ ಬೈಠಕ್ಕುಗಳಲ್ಲಿ, ಮಠದ ಕಾರ್ಯಕ್ರಮಗಳಲ್ಲಿ ಹಾಡಿದ್ದೇನೆ. ನಿರೂಪಕರು ನನ್ನ ಕೆಲಸ ಕೇಳಿ ತಿಳಿದುಕೊಂಡು ವೇದಿಕೆಯ ಮೇಲೆ 'ಮಣ್ಣಿನ ಮಗಳು' ಎಂದು ಕರೆಯುತ್ತಾರೆ, ತಾವೇ ಮೊದಲು ಹೊಳೆಸಿಕೊಂಡವರಂತೆ. ಮುಗಿದ ಮೇಲೆ 'ಹವ್ಯಾಸಿ ಕಲಾವಿದೆ' ಎಂದು ಬರೆದ ಪ್ರಮಾಣಪತ್ರ ಕೊಡುತ್ತಾರೆ. ಹವ್ಯಾಸಿ ಎಂದರೆ ಏನು? ಅಂಚೆ ಚೀಟಿ ಕೂಡಿಸುವವರಿಗೆ ಹೇಳುವ ಮಾತು. ಒಂಬತ್ತು ವರ್ಷ ಹುಕ್ಕೇರಿ ಬಸ್ಸಿನಲ್ಲಿ ನಿಂತು ಹೋಗಿ ಬಂದವಳಿಗೆ ಹೇಳುವ ಮಾತಲ್ಲ. ಇನ್ನು, ವಿಜ್ಞಾನ ಮತ್ತು ಸಂಗೀತ ಎರಡೂ ಒಂದೇ, ಎರಡೂ ಗಣಿತವೇ ಎಂದು ನನ್ನನ್ನು ಸಮಾಧಾನಪಡಿಸುವವರು ಬಹಳ ಜನ. ಇದನ್ನು ಹೇಳುವವರಿಗೆ ಎರಡರಲ್ಲಿ ಒಂದೂ ಬರುವುದಿಲ್ಲ ಎಂಬುದನ್ನು ನಾನು ಗಮನಿಸಿದ್ದೇನೆ.

ಮೂರನೆಯ ಗುಂಪು ನನ್ನನ್ನು ನೋಡಲು ಬಂದ ವರಗಳದು. ಒಬ್ಬರ ಮನೆಯವರು ನೌಕರಿ ಇರಲಿ, ಆದರೆ ಹಾಡು ಮನೆಯೊಳಗೇ ಇರಲಿ ಎಂದರು. ಇನ್ನೊಬ್ಬರು ಬಹಳ ಉದಾರಿಗಳು. ಹಾಡು ಬೇಕಾದರೆ ಹಾಡಲಿ, ಹೆಣ್ಣುಮಕ್ಕಳಿಗೆ ಶೋಭೆ, ನೌಕರಿ ಮಾತ್ರ ಯಾಕೆ ಎಂದರು. ಪ್ರತಿಯೊಬ್ಬರಿಗೂ ನಾನು ಅರ್ಧ ಬೇಕಾಗಿದ್ದೆ. ಇಬ್ಬರನ್ನು ಕೂಡಿಸಿ ಹೊಲಿದಿದ್ದರೆ ಒಬ್ಬ ಗಂಡ ಆಗುತ್ತಿದ್ದ. ಅವ್ವ ಓದು ಬರಹ ಬಲ್ಲವಳಲ್ಲ, ರಾಗ ತಾಳ ಬಲ್ಲವಳಲ್ಲ. ಬಂದವರಿಗೆಲ್ಲ ಚಹಾ ಕೊಟ್ಟು, ವಿಚಾರ ಮಾಡಿ ಹೇಳುತ್ತೇವೆ ಎಂದು ಕಳಿಸಿ, ಮತ್ತೆ ವಿಚಾರ ಮಾಡುತ್ತಿರಲಿಲ್ಲ. ಯಾಕೆ ಎಂದು ನಾನೂ ಕೇಳಿರಲಿಲ್ಲ. ನನ್ನ ಮದುವೆಯ ಆಸೆ ಅವಳಿಗೆ ಬತ್ತಿದೆ ಎಂದುಕೊಂಡಿದ್ದೆ. ಬತ್ತಿರಲಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಗುರುಗಳಿಗೆ ನನ್ನ ನೌಕರಿ ಎಂದರೆ ಅಲರ್ಜಿ. ಅದನ್ನು ಅವರು 'ಬಾಟ್ಲಿ ತೊಳಿಯೂ ಕೆಲಸ' ಎನ್ನುತ್ತಿದ್ದರು. ಒಮ್ಮೆ ಹಿಡಕಲ್ ಕಾಲುವೆಯ ನೀರಿನ ಮಾದರಿಯನ್ನು ಬಾಟಲಿಯಲ್ಲಿ ತುಂಬಿಕೊಂಡು ಅಲ್ಲಿಂದ ನೇರ ಪಾಠಕ್ಕೆ ಹೋಗಿದ್ದೆ. ನಾನು ತಂಬೂರಿ ಹೊಂದಿಸುತ್ತಿದ್ದಾಗ ಗುರುಗಳು ನನ್ನ ಚೀಲದ ಪಕ್ಕದ ಬಾಟಲಿ ಎತ್ತಿಕೊಂಡು ಎರಡು ಸಲ ಗಂಟಲು ತೊಳೆದುಕೊಂಡು, ಮೂರನೆಯ ಸಲ ಕುಡಿದೇ ಬಿಟ್ಟರು. ನೀರು ಚಲೋ ಐತಿ ಎಂದರು. ಸೋಮವಾರದ ವರದಿಯಲ್ಲಿ 'ಮಾದರಿಯ ಪ್ರಮಾಣ ಸಾಲದು' ಎಂದು ಬರೆದೆ. ಅವರ ಅಭಿಪ್ರಾಯವನ್ನು ದಾಖಲಿಸಲು ಅಲ್ಲಿ ಕಾಲಂ ಇರಲಿಲ್ಲ.

ಆದರೆ ಆ ಬಾಟಲಿ ತೊಳೆಯುವ ಕೆಲಸವೇ ನನಗೆ ಭೈರವ ರಾಗದ ರಿಷಭ ಕಲಿಸಿತು. ಆ ಸ್ವರ ಷಡ್ಜದ ಮಗ್ಗುಲಿಗೆ, ತೀರ ಕೆಳಗೆ, ನಿಧಾನವಾಗಿ ತೂಗುತ್ತ ಇರುತ್ತದೆ. ಎರಡು ವರ್ಷ ಅದು ನನಗೆ ಸಿಕ್ಕಿರಲಿಲ್ಲ. ಸ್ವಲ್ಪ ಏರಿದರೆ ಬೇರೆ ಯಾವುದೋ ರಾಗ, ಸ್ವಲ್ಪ ಇಳಿದರೆ ಬೇಸುರು. ಒಂದು ಭಾನುವಾರ ಗುರುಗಳು ಸಿಟ್ಟಿನಿಂದ ತಬಲಾದ ಸುತ್ತಿಗೆ ಒಗೆದ ಮೇಲೆ ನಾನು ಹೆದರುತ್ತ ನಮ್ಮ ಪ್ರಯೋಗಾಲಯದ ಸಂಗತಿ ಹೇಳಿದೆ. ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ತಿಳಿಯಲು, ಹಳದಿ ಬಣ್ಣ ಬರಿಸಿದ ನೀರಿಗೆ ಗಾಜಿನ ಕೊಳವೆಯಿಂದ ಬೆಳ್ಳಿಯ ಲವಣದ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತೇವೆ. ಹಳದಿ ಹಳದಿಯಾಗಿಯೇ ಇರುತ್ತದೆ, ಇರುತ್ತದೆ, ಒಂದು ಹನಿಗೆ ಇಟ್ಟಿಗೆಗೆಂಪಿಗೆ ಹೊರಳುತ್ತದೆ. ಅಲ್ಲಿಗೆ ಕೈ ನಿಲ್ಲಬೇಕು. ಒಂದು ಹನಿ ಹೆಚ್ಚಾದರೆ ಎಲ್ಲ ಚೆಲ್ಲಿ, ಪಾತ್ರೆ ತೊಳೆದು, ಮೊದಲಿನಿಂದ. ನಿಮ್ಮ ರಿಷಭ ಹಾಗೆ ಅನಿಸುತ್ತದೆ, ಒಂದು ಹನಿಯ ಮಾತು, ಎಂದೆ. ಗುರುಗಳು ಸುತ್ತಿಗೆ ಹೆಕ್ಕಿಕೊಂಡು ಬಂದು ಕುಳಿತು, ಮತ್ತೆ ಹೇಳು ಎಂದರು. ಮತ್ತೆ ಹೇಳಿದೆ. ಅವತ್ತು ರಿಷಭ ಹತ್ತಿತು.

ತಿಂಗಳೊಪ್ಪತ್ತಿನಲ್ಲಿ ಅವರು ಉಳಿದ ಶಿಷ್ಯರಿಗೆ, ನಮ್ಮ ಪರಂಪರೆಯಲ್ಲಿ ರಿಷಭವನ್ನು ಹನಿಯ ಲೆಕ್ಕದಲ್ಲಿ ಹೇಳುತ್ತಾರೆ, ಹೆಚ್ಚಾದರೆ ತೊಳೆದು ಮೊದಲಿನಿಂದ, ಎಂದು ಪಾಠ ಮಾಡುತ್ತಿದ್ದರು. ಪರಂಪರೆಯೊಳಗೆ ಗಾಜಿನ ಕೊಳವೆ ಯಾವಾಗ ಬಂತು ಎಂದು ನಾನು ಕೇಳಲಿಲ್ಲ.

ಹೋದ ವರ್ಷ ಆಷಾಢದ ಮೊದಲ ಭಾನುವಾರ, ಪಾಠ ಮುಗಿದ ಮೇಲೆ ಗುರುಗಳು ಎಲ್ಲರನ್ನೂ ಕಳಿಸಿ ನನ್ನೊಬ್ಬಳನ್ನು ಕೂರಿಸಿಕೊಂಡರು. ಹುಣ್ಣಿಮೆಯ ದಿನ ನಿನಗೆ ಗಂಡಾ ಕಟ್ಟುತ್ತೇನೆ ಎಂದರು.

ಹಿಂದುಸ್ತಾನಿ ಸಂಗೀತದವರಿಗೆ ಇದು ಏನೆಂದು ಗೊತ್ತು. ಉಳಿದವರಿಗೆ ಹೇಳಬೇಕು. ಗುರು ಶಿಷ್ಯನ ಮುಂಗೈಗೆ ಒಂದು ದಾರ ಕಟ್ಟುತ್ತಾರೆ, ಕಡಲೆ ಬೆಲ್ಲ ತಿನ್ನಿಸುತ್ತಾರೆ. ಅಲ್ಲಿಂದ ಮುಂದೆ ಆ ಶಿಷ್ಯ ಅವರ ಮನೆತನದವನು. ಆ ದಾರಕ್ಕೆ ಗಂಡಾ ಎನ್ನುತ್ತಾರೆ. ಅದಿಲ್ಲದಿದ್ದರೆ ಎಷ್ಟು ವರ್ಷ ಕಲಿತರೂ ಹವ್ಯಾಸಿ. ಕಾರ್ಯಕ್ರಮ ಮಾಡಿಸುವವರು ಮೊದಲು ಕೇಳುವುದೇ ಯಾರ ಗಂಡಾ ಎಂದು. ಗುರುಗಳು ಇಷ್ಟು ವರ್ಷಗಳಲ್ಲಿ ಇಬ್ಬರಿಗೆ ಮಾತ್ರ ಕಟ್ಟಿದ್ದರು. ನನಗೆ ಅದು ಬೇಕಾಗಿತ್ತು. ಎಂ.ಎಸ್ಸಿ.ಗಿಂತ ಹೆಚ್ಚು ಬೇಕಾಗಿತ್ತು ಎಂದರೆ ಕರಿ ಕಿವಿಯ ಟಗರಿಗೆ ಅವಮಾನ, ಆದರೂ ಖರೆ.

ನಾನು ಕಾಲಿಗೆ ಬಿದ್ದು ಏಳುವಷ್ಟರಲ್ಲಿ ಉಳಿದರ್ಧ ಮಾತು ಬಂತು.

"ಬರೂಮುಂದ ರಾಜೀನಾಮಿ ಕಾಗದಾ ತಗೊಂಡ ಬಾ. ಗಂಡಾ ಕಟ್ಟಿದ ಕೈ ಮತ್ತ ಬಾಟ್ಲಿ ತೊಳಿಯಾಂಗಿಲ್ಲ."

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಗಾರ ತೆಗೆದುಕೊಂಡ ಮನುಷ್ಯ ಹೇಳಿದ ಮಾತಿದು. ಅದು ನೌಕರಿಯಲ್ಲವಂತೆ, ನಾದಸೇವೆ. ನಾನು ಮಾತ್ರ ನೌಕರಿ ಮಾಡುವವಳು.

ಮುಂದಿನ ದಿನಗಳಲ್ಲಿ ಆಫೀಸಿನ ಕಾಗದದ ಮೇಲೆ, ಆಫೀಸಿನ ಪೆನ್ನಿನಿಂದ, ಆಫೀಸಿನ ವೇಳೆಯಲ್ಲಿ ರಾಜೀನಾಮೆ ಬರೆದೆ. ಐದು ಸಲ ಬರೆದು ಹರಿದೆ. ಆರನೆಯದು 'ವೈಯಕ್ತಿಕ ಕಾರಣಗಳಿಂದ' ಎಂದು ಎರಡೇ ಸಾಲಿನಲ್ಲಿ ಮುಗಿಯಿತು. ನಮ್ಮ ಇಡೀ ವಂಶದ ಮೊದಲ ನೌಕರಿ ಎರಡು ಸಾಲಿನಲ್ಲಿ ಮುಗಿಯಬಹುದು ಎಂದು ನನಗೆ ಗೊತ್ತಿರಲಿಲ್ಲ. ಸಾಹೇಬರಿಗೆ ಕೊಡದೆ ಚೀಲದಲ್ಲಿಟ್ಟುಕೊಂಡೆ. ಹುಣ್ಣಿಮೆ ಭಾನುವಾರ ಬಂದಿತ್ತು. ಮೊದಲು ಗುರುಗಳಿಗೆ ತೋರಿಸುವುದು, ಸೋಮವಾರ ಸಾಹೇಬರಿಗೆ ಕೊಡುವುದು ಎಂದು ಲೆಕ್ಕ ಹಾಕಿದೆ. ವಿಜ್ಞಾನ ಓದಿದವರು ಎಲ್ಲವನ್ನೂ ಕ್ರಮವಾಗಿ ಮಾಡುತ್ತಾರೆ, ಮೂರ್ಖತನವನ್ನೂ.

ಶುಕ್ರವಾರ ಅವ್ವನಿಗೆ ಫೋನು ಮಾಡಿದೆ. ಅವಳು ಹೊಲದಲ್ಲಿದ್ದಳು. ಗಾಳಿಯ ಸಪ್ಪಳದಲ್ಲಿ ಅರ್ಧ ಮಾತು ಹೋಗುತ್ತಿತ್ತು. ನಾನು ಜೋರಾಗಿ ಹೇಳಿದ್ದು ಇಷ್ಟೇ: "ಅವ್ವಾ, ಐತವಾರ ಹುಣ್ಣಿವಿಗೆ ಹುಕ್ಕೇರ್ಯಾಗ ನನಗ ಗಂಡಾ ಕಟ್ಟತಾರ."

ಅವ್ವ, ನೀನು ಒಪ್ಪಿದ್ದೀಯಾ ಎಂದು ಕೇಳಿದಳು. ಒಪ್ಪಿದ್ದೇನೆ ಎಂದೆ. ಆಯಿತು ಎಂದು ಫೋನು ಇಟ್ಟಳು. ನೌಕರಿಯ ಸಂಗತಿಯನ್ನು ನಾನು ಹೇಳಲಿಲ್ಲ, ಧೈರ್ಯವಾಗಲಿಲ್ಲ. ಏನೂ ಕೆದಕದೆ ಒಪ್ಪಿಕೊಂಡಳಲ್ಲ, ಕಲೆಯ ಬೆಲೆ ಕೊನೆಗೂ ನಮ್ಮ ಮನೆಯವರಿಗೆ ತಿಳಿಯಿತು ಎಂದು ಸಂತೋಷಪಟ್ಟೆ. ಎರಡು ಪದವಿ ಪಡೆದವಳಿಗೆ, ತಾನು ಹೇಳಿದ ಶಬ್ದ ಕನ್ನಡದಲ್ಲಿ ಏನೆಂದು ಕೇಳಿಸುತ್ತದೆ ಎಂದು ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಹುಕ್ಕೇರಿಯಲ್ಲಿ ಜಿಟಿಜಿಟಿ ಮಳೆ. ಗುರುಗಳ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಎರಡು ತಂಬೂರಿ ಇಟ್ಟು, ತಾಟಿನಲ್ಲಿ ಕೆಂಪು ದಾರ, ಕಡಲೆ, ಬೆಲ್ಲ, ಅಕ್ಷತೆ ಜೋಡಿಸಿದ್ದರು. ನಾಲ್ಕೈದು ಜನ ಶಿಷ್ಯರು ಗೋಡೆಗೆ ಒರಗಿ ಕುಳಿತಿದ್ದರು. ನಾನು ಚೀಲವನ್ನು ಮಗ್ಗುಲಲ್ಲಿಟ್ಟುಕೊಂಡು ಕುಳಿತಿದ್ದೆ. ಹೊರಗೆ ಒಂದು ಕ್ರೂಸರ್ ಬಂದು ನಿಂತಿತು. ಇಳಕಲ್ ಸೀರೆಯುಟ್ಟ ಅವ್ವ ಗಂಟು ಹಿಡಿದು ಇಳಿದಳು. ಹಿಂದೆ ತಲೆಗೆ ಮದುವೆಯ ಪಟಗ ಸುತ್ತಿದ ಕಾಕಾ, ಅವನ ಹಿಂದೆ ಕಂಬಳಿ ಹೊದ್ದ ಅಪ್ಪ. ಅವ್ವ ಒಳಗೆ ಬಂದವಳೇ ನನ್ನ ಹತ್ತಿರ ಬರದೆ, ಗೋಡೆಗೆ ಕುಳಿತ ಶಿಷ್ಯರನ್ನು ಒಬ್ಬೊಬ್ಬರನ್ನಾಗಿ ಅಡಿಯಿಂದ ಮುಡಿಯವರೆಗೆ ನೋಡತೊಡಗಿದಳು. ಮಗಳ ಕಾರ್ಯಕ್ಕೆ ಬಂದ ಅತಿಥಿಗಳನ್ನು ಗುರುತು ಹಿಡಿಯುತ್ತಿದ್ದಾಳೆ ಎಂದುಕೊಂಡೆ.

ಕಾಕಾ ಗುರುಗಳಿಗೆ ಕೈ ಮುಗಿದು, "ಗಂಡ ಎಲ್ಲಿ ಅದಾನ್ರಿ? ಯಾರ ಅವ?" ಎಂದು ಕೇಳಿದ.

ಗಂಡಾ ಕಟ್ಟುವವರು ಯಾರು ಎಂದು ಕೇಳುತ್ತಿದ್ದಾನೆಂದು ತಿಳಿದ ಗುರುಗಳು ಎದೆ ಸೆಟೆಸಿ, "ನಾನ ಅದೇನಿ" ಎಂದರು.

ಕಾಕಾನ ಕೈ ಮುಗಿದದ್ದು ಮುಗಿದಂತೆಯೇ ಉಳಿಯಿತು. ಅವ್ವ ಜಮಖಾನೆಯ ಮೇಲೆ ಕುಸಿದು ಕುಳಿತು ನಿಧಾನವಾಗಿ ಕೇಳಿದಳು.

"ವಯಸ್ಸೆಷ್ಟ್ರಿ ನಿಮಗ?"

"ಎಪ್ಪತ್ತೆರಡ ನಡ್ಯಾಕತ್ತೈತಿ. ಇನ್ನೂ ಮೂರ ಸಪ್ತಕ ಹಾಡತೇನಿ ನೋಡ್ರಿ."

ಸಂದರ್ಶನಕ್ಕೆ ಬಂದವರಿಗೆ ಹೇಳುವ ಅದೇ ದನಿಯಲ್ಲಿ ಹೇಳಿದರು. ಅವ್ವ ನನ್ನನ್ನು ಒಮ್ಮೆ ನೋಡಿದಳು. ನಾನು ಒಪ್ಪಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದು ಆಗ ನೆನಪಾಯಿತು. ಆಮೇಲೆ ಎಲ್ಲ ಒಟ್ಟಿಗೆ ಹೊಳೆಯಿತು.

ತಿಳಿಸಿ ಹೇಳಲು ಬಹಳ ಹೊತ್ತು ಹಿಡಿಯಿತು. ಗೋಡೆಗೆ ಕುಳಿತ ಶಿಷ್ಯರು ಬಾಯಿಗೆ ಕರವಸ್ತ್ರ ಇಟ್ಟುಕೊಂಡಿದ್ದರು. ಆಷಾಢದಲ್ಲಿ ಲಗ್ನ ಮಾಡುವ ಇವರು ಎಂಥ ಜನ, ಇಷ್ಟು ಅವಸರ ಯಾಕೆ, ಏನಾಗಿದೆ ಎಂದು ನಮ್ಮ ಮನೆಯವರು ದಾರಿಯುದ್ದಕ್ಕೂ ಬೈದುಕೊಳ್ಳುತ್ತ ಬಂದಿದ್ದರಂತೆ. ಕಾಕಾ ಪಟಗ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ದಾರಕ್ಕ ದಾರಾ ಅಂತ ಹೇಳಾಕ ನಿನ್ನ ಎಮ್ಮೆಸ್ಸಿಗೆ ಏನ ಧಾಡಿ ಆಗಿತ್ತವಾ? ಆ ಟಗರ ಆಗಿದ್ರ ಸರಿಯಾಗಿ ಹೇಳತಿತ್ತು."

ಎಲ್ಲರೂ ನಕ್ಕರು. ಗುರುಗಳೂ ನಕ್ಕರು. ಅವ್ವ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡಳು. ಎಪ್ಪತ್ತೆರಡರ ಅಳಿಯ ತಪ್ಪಿದ ಸಮಾಧಾನ ಎಷ್ಟು, ಯಾವ ಅಳಿಯನೂ ಇಲ್ಲ ಎಂಬ ಬೇಸರ ಎಷ್ಟು ಎಂದು ಅಳೆಯಲು ನನ್ನ ಹತ್ತಿರ ಉಪಕರಣವಿಲ್ಲ. ಬಂದದ್ದು ಚಲೋ ಆಯಿತು, ಕುಳಿತು ನೋಡಿ ಎಂದು ಗುರುಗಳು ಅವರನ್ನು ಮುಂದೆ ಕೂರಿಸಿದರು. ಆಮೇಲೆ ನನ್ನತ್ತ ತಿರುಗಿ ಕಾಗದ ಎಲ್ಲಿ ಎಂದು ಕೇಳಿದರು.

ಕೊಟ್ಟೆ. ಅದನ್ನು ಅವರು ತಾಟಿನ ಮೇಲೆ, ದಾರದ ಮಗ್ಗುಲಿಗೆ ಇಟ್ಟರು. ಅವ್ವ ಅದೇನು ಎಂದು ಕಾಕಾನನ್ನು ಕೇಳಿದಳು. ಏಳನೆಯ ಇಯತ್ತೆ ಕಲಿತ ಕಾಕಾ ಮುಂದೆ ಬಾಗಿ, ಒಂದೊಂದೇ ಅಕ್ಷರ ಕೂಡಿಸಿ ಎರಡೂ ಸಾಲುಗಳನ್ನು ಗಟ್ಟಿಯಾಗಿ ಓದಿದ. ಅಷ್ಟು ನಿಧಾನವಾಗಿ ಓದಿದಾಗ ಅವು ಎರಡು ಸಾಲಿನಂತೆ ಕೇಳಿಸಲಿಲ್ಲ.

"ನೌಕರಿ ಬಿಡಾಕತ್ತಿ?" ಎಂದಳು ಅವ್ವ. ನಾನು ತಲೆ ತಗ್ಗಿಸಿದೆ. ಗಂಡಾ ಕಟ್ಟಿಸಿಕೊಳ್ಳಬೇಕೆಂದರೆ ಬಿಡಬೇಕಾಗುತ್ತದೆ, ಇದು ನಮ್ಮ ಪದ್ಧತಿ ಎಂದು ಗುರುಗಳೇ ಹೇಳಿದರು. ಅವ್ವ ತಾಟಿನತ್ತ ಕೈ ತೋರಿಸಿದಳು.

"ಹಂಗಾದ್ರ ಇದು ಲಗ್ನಾನ ಐತಿ ಬಿಡ್ರಿ."

"ಇದು ಲಗ್ನಾ ಅಲ್ಲ ಯವ್ವಾ. ನಿನಗಿನ್ನೂ ತಿಳಿದಿಲ್ಲ" ಎಂದರು ಗುರುಗಳು.

"ತಿಳೀತ್ರಿ. ಕೈಗೆ ದಾರಾ ಕಟ್ಟತೀರಿ. ಅಕ್ಕಿಕಾಳ ಹಾಕತೀರಿ. ಇನ್ನಮ್ಯಾಲ ನಮ್ಮ ಮನಿತಾನದಾಕಿ ಅಂತೀರಿ. ನೌಕರಿ ಬಿಡ ಅಂತೀರಿ. ಲಗ್ನಕ್ಕ ಇನ್ನ ಏನ ಕಡಿಮಿ ಆತ್ರಿ?"

ಗೋಡೆಗೆ ಕುಳಿತವರ ನಗೆ ನಿಂತಿತು. ಗುರುಗಳ ಮುಂದೆ ಆ ಮನೆಯಲ್ಲಿ ಯಾರೂ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವ್ವ ದನಿ ಏರಿಸಿರಲಿಲ್ಲ. ಸಂತೆಯಲ್ಲಿ ಕುರಿಯ ಬಗ್ಗೆ ಮಾತಾಡುವ ದನಿ ಅದು, ಅವಸರವಿಲ್ಲದ್ದು.

"ಹಾಡ ಬಿಡ ಅಂದಾವ್ರಿಗೂ ಕೊಡಲಿಲ್ಲರಿ, ನೌಕರಿ ಬಿಡ ಅಂದಾವ್ರಿಗೂ ಕೊಡಲಿಲ್ಲ. ನೀವು ದೊಡ್ಡಾವ್ರು ಅದೀರಿ, ಖರೆ. ಆದ್ರ ನಿಮಗರೆ ಅರ್ಧಾ ಹುಡಿಗಿನ್ನ ಹೆಂಗ ಕೊಡ್ಲಿ? ತಗೊಂಡ್ರ ಇಡೀನ ತಗೋರಿ."

ಮೂರು ವರ್ಷಗಳಿಂದ ಅವ್ವ ವಿಚಾರ ಮಾಡದೆ ಕಳಿಸುತ್ತಿದ್ದ ವರಗಳ ಹಿಂದಿನ ವಿಚಾರ ಇದು. ಮೂವತ್ತು ದಾಟಿದ, ವೇದಿಕೆಯ ಮೇಲೆ ಮೈಕು ಹಿಡಿಯುವ ನಾನು ನೌಕರಿಯ ಮಾತಿಗೆ ಅಲ್ಲಿಯವರೆಗೆ ತುಟಿ ಬಿಚ್ಚಿರಲಿಲ್ಲ. ಗುರುಗಳು ನನ್ನತ್ತ ತಿರುಗಿ ಕೇಳಿದರು. "ನೀ ಏನಂತಿ?"

ತಾಟಿನ ಮೇಲೆ ಕೆಂಪು ದಾರ ಕಾಣುತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿತ್ತು.

"ಕಾಗದಾ ಬರದಾಕಿ ನಾನರಿ. ಆಫೀಸಿನ್ಯಾಗ ಕೊಟ್ಟಿಲ್ಲರಿ" ಎಂದೆ. ಆಮೇಲೆ ನನ್ನ ದನಿ ನನಗೇ ಕೇಳುವಂತೆ, "ಕೊಡಾಂಗಿಲ್ಲರಿ" ಎಂದೆ.

ಗುರುಗಳು ಎದ್ದು ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ಒಂಬತ್ತು ವರ್ಷದ ಭಾನುವಾರಗಳು ಮುಗಿದವು, ಇನ್ನು ಮೇಲೆ ಭಾನುವಾರ ಬಟ್ಟೆ ಒಗೆಯಬಹುದು. ಕಾಕಾ ಮೆಲ್ಲಗೆ, ಇವರೂ ಸಾಲಿ ಮಾಸ್ತರ ಇದ್ದರಲ್ಲ ಎಂದ. ಅವ್ವ ಅವನನ್ನು ಸುಮ್ಮನಿರಿಸಿದಳು. ಒಳಗಿನಿಂದ ಬಾಯಿ ಮುಕ್ಕಳಿಸುವ ಸಪ್ಪಳ ಕೇಳಿಸಿತು. ಗುರುಗಳು ಮುಖ ತೊಳೆದುಕೊಂಡು ಬಂದು ಕುಳಿತು, ತಂಬೂರಿಯನ್ನು ನನ್ನತ್ತ ಸರಿಸಿದರು. ರಿಷಭ ಹಚ್ಚು ಎಂದರು.

ಹಚ್ಚಿದೆ.

"ಹನಿ ಹೆಚ್ಚಾತು. ತೊಳದ ಮದಲಿಂದ."

ಮತ್ತೆ ಷಡ್ಜಕ್ಕೆ ಹೋಗಿ ಬಂದೆ. ಅದೂ ಹೆಚ್ಚಾಯಿತು. ಮೂರನೆಯ ಸಲ ಕಣ್ಣು ಮುಚ್ಚಿ, ಹಳದಿ ಹಳದಿಯಾಗಿ ಇರುವಷ್ಟು ಹೊತ್ತು ಕಾದೆ. ಅದು ಹೊರಳಿದ ಕಡೆ ನಿಂತೆ. ಈ ಸಲ ಗುರುಗಳು ತೊಳೆಯಲು ಹೇಳಲಿಲ್ಲ. ಕಣ್ಣು ತೆರೆದಾಗ ಅವ್ವ ನನ್ನ ಬಾಯಿಯನ್ನು ನೋಡುತ್ತಿದ್ದಳು. ಅವಳ ಮುಂದೆ ನಾನು ರಾಗ ಹಾಡಿದ್ದು ಅದೇ ಮೊದಲು.

"ಈ ಹನಿ ಲೆಕ್ಕಾ ಯಾರ 'ಪರಂಪರಾ'ದ್ದು ಅಂತ ನಿಮ್ಮ ಮಗಳಿಗೆ ಗೊತ್ತೈತಿ" ಎಂದು ಗುರುಗಳು ಅವ್ವನಿಗೆ ಹೇಳಿದರು. "ಬಾಟ್ಲಿ ತೊಳಿಯಾಕ ಹೋಗ್ಲಿ. ಐತವಾರ ತಪ್ಪಸಬಾರದು."

ಅವರು ಕ್ಷಮೆ ಕೇಳಿದ್ದು ಅಷ್ಟೇ. ಆ ಪರಂಪರೆಯಲ್ಲಿ ಅದಕ್ಕಿಂತ ಹೆಚ್ಚು ಕೇಳುವ ಪದ್ಧತಿ ಇಲ್ಲ.

ಅವರು ಕೆಂಪು ದಾರ ಎತ್ತಿಕೊಂಡಾಗ ಅಪ್ಪ ಕೆಮ್ಮಿದ.

"ಹತ್ತೀದು ನಮಗ ನಡ್ಯಾಂಗಿಲ್ಲರಿ. ಉಣ್ಣೀದ ಹೊಸದ ತಂದೇನಿ."

ನಮ್ಮ ಮನೆತನದಲ್ಲಿ ಮದುವೆಯ ಕಂಕಣ ಉಣ್ಣೆಯದೇ ಆಗಬೇಕು. ಹತ್ತಿಯ ಕಂಕಣ ಕಟ್ಟುವ ಮನೆತನಗಳು ಬೇರೆ. ಮಗಳ ಲಗ್ನ ಎಂದು ಕ್ರೂಸರಿನಲ್ಲಿ ಕುಳಿತು, ಮನೆಯ ಕುರಿಯ ಉಣ್ಣೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಹೊಸೆಯುತ್ತ ಬಂದಿದ್ದ. ಕಂಬಳಿಯೊಳಗಿನಿಂದ ಅದನ್ನು ತೆಗೆದು ಚಾಚಿದ. ಕಪ್ಪು ಬಿಳುಪು ಕೂಡಿದ, ಒರಟಾದ, ಸ್ವಲ್ಪ ತೊಯ್ದ ದಾರ. ಗುರುಗಳು ಕೆಂಪು ದಾರವನ್ನು ತಾಟಿನಲ್ಲಿಟ್ಟು, ಉಣ್ಣೆಯದನ್ನು ಮೂಸಿ ನೋಡಿ ಮುಖ ಸಿಂಡರಿಸಿ, ಅದನ್ನೇ ನನ್ನ ಮುಂಗೈಗೆ ಕಟ್ಟಿದರು. ಅವ್ವ ಗಂಟಿನಿಂದ ಅಕ್ಕಿ ತೆಗೆದು ಮದುವೆಗೆ ಹಾಕುವಷ್ಟೇ ಹಾಕಿದಳು. ತಂದದ್ದನ್ನು ಹೊತ್ತುಕೊಂಡು ಹೋಗಲು ಅವಳಿಗೆ ಮನಸ್ಸಿರಲಿಲ್ಲ.

ಉಳಿದ ಕಡಲೆ ಬೆಲ್ಲವನ್ನು ಕಟ್ಟಿಕೊಡಲು ಗುರುಗಳು ಕಾಗದ ಹುಡುಕಿದರು. ಕೈಗೆ ಸಿಕ್ಕದ್ದು ತಾಟಿನ ಮೇಲಿನ ಕಾಗದ. ಅದರಲ್ಲೇ ಪೊಟ್ಟಣ ಕಟ್ಟಿದರು.

ಸೋಮವಾರ ಆ ಪೊಟ್ಟಣವನ್ನು ಪ್ರಸಾದ ಎಂದು ಸಾಹೇಬರ ಮೇಜಿನ ಮೇಲಿಟ್ಟೆ, ಯಾವ ಕಾಗದ ಎಂಬುದನ್ನು ಮರೆತು. ಅವರು ಕಡಲೆ ಅಗಿಯುತ್ತ ಕಾಗದ ಓದಿದರು. ಅಗಿಯುವುದು ನಿಂತಿತು. "ಮೇಡಂ, ಬರೂ ತಿಂಗಳ ತರಬೇತಿಗೆ ಸ್ವಾಗತಗೀತೆ ಯಾರ ಹಾಡಾವ್ರು?" ಎಂದು ಗಾಬರಿಯಿಂದ ಕೇಳಿದರು. ಮಣ್ಣು ಯಾರು ನೋಡುತ್ತಾರೆ ಎಂದು ಕೇಳಲಿಲ್ಲ. ನಾನೇ ಹಾಡುತ್ತೇನೆ, ಅದು ಪೊಟ್ಟಣದ ಕಾಗದ ಎಂದೆ. ನಿಶ್ಚಿಂತೆಯಿಂದ ಬೆಲ್ಲವನ್ನೂ ತಿಂದರು.

ದಾರ ಇನ್ನೂ ಮುಂಗೈಯಲ್ಲಿದೆ. ಬೆಳ್ಳಿಯ ಲವಣದ ಒಂದು ಹನಿ ಬಿದ್ದು, ಬಿಳಿ ಉಣ್ಣೆಯೂ ಒಂದು ಕಡೆ ಕಪ್ಪಾಗಿದೆ. ತೊಳೆದರೆ ಹೋಗುವ ಕಲೆಯಲ್ಲ ಅದು. ಮಳೆಗಾಲದಲ್ಲಿ ತೊಯ್ದರೆ ದಾರ ಕುರಿಯಂತೆ ನಾರುತ್ತದೆ. ಹೋದ ತಿಂಗಳು ಒಂದು ಬೈಠಕ್ಕಿನಲ್ಲಿ ತಬಲಾದವರು ಅತ್ತಿತ್ತ ಮೂಸಿ, ಹೊರಗೆ ಕುರಿ ಹಿಂಡು ಬಂದಿದೆಯೇ ಎಂದು ನನ್ನನ್ನು ಕೇಳಿದರು. ಹೊರಗಲ್ಲ ಎಂದು ಹೇಳಿ ಕೈ ತೋರಿಸಿದೆ. ಆ ಉಣ್ಣೆ ಕರಿ ಕಿವಿಯ ಟಗರಿನ ಮೊಮ್ಮಗನದು ಎಂದು ಕಾಕಾ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಖರೆಯೋ ಸುಳ್ಳೋ, ನಾನು ಪರೀಕ್ಷೆ ಮಾಡಲು ಹೋಗಿಲ್ಲ.